ಹಲ್ಲಿ ನುಡಿದದ್ದು

ಆ ಹುಡುಗಿಯನ್ನು ಶಾಲೆಯಲ್ಲಿ ಎಲ್ಲರೂ ಮೂಗಿ ಅನ್ನುತ್ತಿದ್ದರು. ಜೊತೆಗೆ ಆಡುವವರು ಒಬ್ಬರೂ ಇರಲಿಲ್ಲ. ಆದರೆ ತುಟಿ ಅಲುಗದಂತೆ, ಥೇಟ್ ಹಲ್ಲಿಯ ಹಾಗೆ ಲೊಚಗುಟ್ಟುವುದು ಅವಳಿಗೆ ಬರುತ್ತಿತ್ತು. ಅದು ಅವಳ ಗುಟ್ಟು. ಯಾರ ಮಾತಿನ ಹಿಂದೆ ಅವಳು ಲೊಚ್ ಅಂದರೂ ಮನೆಯಲ್ಲಿ ಆ ಮಾತೇ ಸತ್ಯ. ಅವಳಿಗೆ ಸೇರದ ಹಾಗಲಕಾಯಿ ಮನೆಯೊಳಗೆ ಬಾರದೆ ವರ್ಷವಾಗಿತ್ತು. ಆಫೀಸಿನಲ್ಲಿ ಹತ್ತು ಜನರನ್ನು ಗದರಿಸುವ ಅಪ್ಪ ಕೂಡ ನೆಲಕ್ಕೆ ಬೆರಳು ಬಡಿದು "ಕೃಷ್ಣ ಕೃಷ್ಣ" ಅನ್ನುತ್ತಿದ್ದ. ಎಲ್ಲರಿಗಿಂತ ಮೊದಲು ಬಡಿಯುವವಳು ಅಜ್ಜಿ. ಇಷ್ಟು ವಯಸ್ಸಾದರೂ ಬುದ್ಧಿ ಬಂದಿಲ್ಲವಲ್ಲ ಈ ಮುದುಕಿಗೆ ಎಂದು ಹುಡುಗಿಗೆ ಹೇಸಿಗೆಯಾಗುತ್ತಿತ್ತು.

ಒಂದು ಭಾನುವಾರ ಅತ್ತೆ ಬಂದು ಕೂತಳು. "ಇದನ್ನ ಹಾಸ್ಟೆಲಿಗೆ ಹಾಕಿಬಿಡು, ಅಣ್ಣಾ. ಅಲ್ಲಾದ್ರೂ ಬಾಯಿ ಬಿಡತ್ತೇನೋ."

"ನಾನೂ ಅದನ್ನೇ ಯೋಚಿಸ್ತಿದ್ದೆ," ಅಂದ ಅಪ್ಪ. ಅಮ್ಮ ತಲೆಯಾಡಿಸಿದಳು.

ಬೇಡ ಅಂತ ಒಬ್ಬರಾದರೂ ಅಂದರೆ ತಾನೇ ಹಲ್ಲಿ ನುಡಿಯುವುದು? ಹುಡುಗಿ ಕಾದಳು.

"ಹಾಸ್ಟೆಲ್ಲು ಈ ಮಗೂಗೆ ಆಗಿಬರಲ್ಲ ಕಣೋ," ಅಂದಳು ಅಜ್ಜಿ.

ಹುಡುಗಿಯ ನಾಲಿಗೆ ಒಣಗಿ ಅಂಗುಳಕ್ಕೆ ಅಂಟಿಕೊಂಡಿತ್ತು. ಸದ್ದೇ ಹೊರಡಲಿಲ್ಲ.

ಲೊಚ್ ಲೊಚ್ ಲೊಚ್.

ಎಲ್ಲರೂ ನೆಲ ಬಡಿದರು. "ಸರಿ, ಬಿಡು ಹಾಗಾದ್ರೆ," ಅಂದ ಅಪ್ಪ. ಅತ್ತೆ ಮುಖ ಸಿಂಡರಿಸಿಕೊಂಡು ಹೊರಟುಹೋದಳು. ಹುಡುಗಿ ನಾಲ್ಕೂ ಗೋಡೆ ಹುಡುಕಿದಳು. ಒಂದು ಹಲ್ಲಿಯೂ ಇರಲಿಲ್ಲ.

ಅಜ್ಜಿ ಅವಳನ್ನು ಪಕ್ಕಕ್ಕೆ ಎಳೆದುಕೊಂಡು ಕಿವಿಯಲ್ಲಿ ಹೇಳಿದಳು: "ನಿನ್ನ ಹಲ್ಲಿ ಶುದ್ಧ ಬಾಯಿಬಡುಕಿ ಕಣೇ. ನಿಮ್ಮಪ್ಪನ ಮದುವೆ ಮಾಡಿಸಿದ ನನ್ನ ಹಲ್ಲಿ ನೋಡು, ಇವತ್ತಿಗೂ ಯಾರ ಕೈಗೂ ಸಿಕ್ಕಿಲ್ಲ."