ಏನೂ ಇಲ್ಲದ ಬಯಲು

“ಅಲ್ಲಿ ನೋಡೋಕೆ ಏನಿದೆ, ಶ್ರೀ?” ಅಮೃತ್ ಮೂರನೇ ಸಲ ಕೇಳಿದ.

“ಏನೂ ಇಲ್ಲ. ಅದಕ್ಕೇ ಹೋಗ್ತಿರೋದು,” ಎಂದಳು ಶ್ರೀಲತಾ. ಟಿಕೆಟ್ ಆಗಲೇ ಬುಕ್ ಆಗಿತ್ತು.

ಅಮೆರಿಕದ ಕ್ಲಾರ್ಕ್ಸ್‌ಬರ್ಗ್‌ನ ಆ ಮನೆಯಲ್ಲಿ ಗಂಡ ಹೆಂಡಿರ ನಡುವೆ ವಾರದಿಂದ ಇದೇ ಜಗಳ. ಶ್ರೀಲತಾಳಿಗೆ ಐವತ್ತೆರಡು. ಹತ್ತಿರದ ಕಾಲೇಜೊಂದರಲ್ಲಿ ಭೂಗೋಳ ಕಲಿಸುತ್ತಿದ್ದಳು. ಬೊಲಿವಿಯಾದ ಉಯುನಿ ಉಪ್ಪಿನ ಬಯಲಿನ ಬಗ್ಗೆ ಇಪ್ಪತ್ತು ವರ್ಷ ಪಾಠ ಮಾಡಿದ್ದಳು, ಒಮ್ಮೆಯೂ ಅಲ್ಲಿ ಕಾಲಿಟ್ಟಿರಲಿಲ್ಲ. ಹನ್ನೆರಡು ಸಾವಿರ ಅಡಿ ಎತ್ತರ. ಹಳೆಯ ಸರೋವರಗಳು ಬತ್ತಿ ಉಳಿದ ಉಪ್ಪು, ಹತ್ತು ಸಾವಿರ ಚದರ ಕಿಲೋಮೀಟರ್. ಅಷ್ಟಗಲದಲ್ಲೂ ಏರುತಗ್ಗು ಒಂದು ಮೀಟರ್ ಆಸುಪಾಸು. ಮರವಿಲ್ಲ, ಬೇಲಿಯಿಲ್ಲ, ತಿರುವಿಲ್ಲ.

ಪಕ್ಕದ ಮನೆಯ ಡಾಕ್ಟರ್ ಸಯೀದಾ ಅಮೃತನ ಪರ ನಿಂತರು. ಅಷ್ಟು ಎತ್ತರದಲ್ಲಿ ಉಸಿರಾಡುವುದೇ ಕಷ್ಟ, ನಿಮ್ಮ ಸ್ಥಿತಿಯಲ್ಲಿ ಇದೆಲ್ಲ ಯಾಕೆ ಎಂದರು. ‘ನಿಮ್ಮ ಸ್ಥಿತಿ’ ಎಂಬ ಮಾತು ಕೇಳಿ ಕೇಳಿ ಶ್ರೀಲತಾಳಿಗೆ ರೋಸಿಹೋಗಿತ್ತು. ಮರುದಿನವೇ ಟ್ರೆಡ್‌ಮಿಲ್ ಹತ್ತಿದಳು. ಮೂರು ತಿಂಗಳಾದ ಮೇಲೆ ಸಯೀದಾ ಎದೆಗೆ ಸ್ಟೆತಸ್ಕೋಪ್ ಇಟ್ಟು ನೋಡಿ, ಹೃದಯ ಗಟ್ಟಿಯಾಗಿದೆ, ಹೋಗಿಬನ್ನಿ ಎಂದು ಸೋತರು.

ಮಳೆಗಾಲದಲ್ಲಾದರೆ ಆ ಬಯಲು ಕನ್ನಡಿಯಂತಿರುತ್ತದೆ, ಆಗ ಹೋಗೋಣ ಎಂದು ಅಮೃತ್ ಕೊನೆಯ ಪ್ರಯತ್ನ ಮಾಡಿದ. ಅವಳು ಒಪ್ಪಲಿಲ್ಲ. ಕನ್ನಡಿ ಬೇಡ, ಒಣಗಿ ಗಟ್ಟಿಯಾದ ನೆಲ ಬೇಕು ಎಂದಳು.

೨೦೨೩ರ ಜುಲೈ. ಬಯಲಿನ ನಡುವೆ ಜೀಪು ನಿಂತಿತು. ಉಪ್ಪಿನ ಮೇಲಿನ ಬಿಸಿಲು ಕಣ್ಣಿಗೆ ಕೆಟ್ಟದ್ದು, ಕಪ್ಪು ಕನ್ನಡಕ ತೆಗೆಯಬೇಡಿ ಎಂದು ಚಾಲಕ ಎಲಾಯ್ ಎಚ್ಚರಿಸಿದ. ಶ್ರೀಲತಾ ಇಳಿದು ಮಂಡಿಯೂರಿದಳು. ಆರು ಮೂಲೆಯ ಉಪ್ಪಿನ ಏಣುಗಳ ಮೇಲೆ ಬೆರಳಾಡಿಸಿ, ಬೆರಳನ್ನು ನಾಲಿಗೆಗೆ ಮುಟ್ಟಿಸಿಕೊಂಡಳು. ಗಾಳಿಯ ಹೊರತು ಬೇರೆ ಸದ್ದಿರಲಿಲ್ಲ.

ಉಪ್ಪುನೀರು ಉಕ್ಕುವ ಗುಂಡಿಗಳೆಲ್ಲಿ ಎಂದು ಎಲಾಯ್‌ನನ್ನು ವಿಚಾರಿಸಿದಳು. ಅವೆಲ್ಲ ಅಂಚಿನಲ್ಲಿವೆ, ಇಲ್ಲಿ ಪದರ ದಪ್ಪ, ನೇರ ಪಶ್ಚಿಮಕ್ಕೆ ಮೂವತ್ತು ಕಿಲೋಮೀಟರ್ ಏನೂ ಅಡ್ಡ ಬರುವುದಿಲ್ಲ ಎಂದ. ಮೊದಲೇ ಫೋನಿನಲ್ಲಿ ಒಪ್ಪಿಕೊಂಡಿದ್ದಂತೆ ಕೀಲಿಯನ್ನು ಅವಳ ಅಂಗೈಯಲ್ಲಿಟ್ಟು ಹಿಂದಿನ ಸೀಟಿಗೆ ಹೋದ.

ಅಮೃತನಿಗೆ ಈಗ ಎಲ್ಲ ಅರ್ಥವಾಯಿತು. ಬಾಗಿಲಿಗೆ ಅಡ್ಡ ನಿಂತ.

“ನಿನ್ನ ಲೈಸೆನ್ಸ್ ಕ್ಯಾನ್ಸಲ್ ಆಗಿ ಎಂಟು ವರ್ಷ ಆಯ್ತು, ಶ್ರೀ.”

“ಕ್ಯಾನ್ಸಲ್ ಅಲ್ಲ. ಕೌಂಟರ್‌ಗೆ ಹೋಗಿ ನಾನೇ ಸರೆಂಡರ್ ಮಾಡಿದ್ದು. ಅವತ್ತಿಂದ ಹಾಲು ತರೋಕೂ ನಿನ್ನನ್ನ ಕೇಳ್ತಿದೀನಿ. ಇವತ್ತು ಕೇಳಲ್ಲ.”

“ಯಾರಿಗಾದ್ರೂ ಹೊಡೆದ್ರೆ?”

“ಯಾರಿದಾರೆ ಹೇಳು.”

ಅವನು ಸುತ್ತ ತಿರುಗಿದ್ದು ಉಪ್ಪಿನ ಮೇಲೆ ಬೂಟು ಕಿರುಗುಟ್ಟಿದ್ದರಿಂದ ತಿಳಿಯಿತು. ಆಮೇಲೆ ಆಚೆ ಬದಿಯ ಬಾಗಿಲು ತೆರೆದು ಮುಚ್ಚಿತು, ಬೆಲ್ಟು ಕ್ಲಿಕ್ ಎಂದಿತು.

ಶ್ರೀಲತಾ ಕ್ಲಚ್ ಬಿಟ್ಟಳು. ಜೀಪು ಮುಗ್ಗರಿಸಿ ನಿಂತುಹೋಯಿತು. ಮತ್ತೆ ಶುರು ಮಾಡಿದಳು. ಟೈರಿನಡಿ ಉಪ್ಪು ಚಟಪಟ ಒಡೆಯತೊಡಗಿತು. ನಲವತ್ತು, ಎಂದ ಅಮೃತ್. ಅರವತ್ತು. ಎಂಬತ್ತು. ತೊಂಬತ್ತಕ್ಕೆ ನಕ್ಕುಬಿಟ್ಟ.

“ಮುಂದೆ ಏನಿದೆ?” ಅವಳು ಕೇಳಿದಳು.

“ಏನೂ ಇಲ್ಲ, ಶ್ರೀ. ಹೊಡಿ.”

ಎಂಟು ವರ್ಷದ ಹಿಂದೆ ಎರಡೂ ಕಣ್ಣಿನ ದೃಷ್ಟಿ ಪೂರ್ತಿ ಕಳೆದುಕೊಂಡಿದ್ದ ಶ್ರೀಲತಾ, ತೊಡೆಯ ಮೇಲಿದ್ದ ಬಿಳಿ ಕೋಲನ್ನು ಹಿಂದಿನ ಸೀಟಿಗೆ ಎಸೆದು, ಆಕ್ಸಿಲರೇಟರನ್ನು ಇನ್ನಷ್ಟು ಒತ್ತಿದಳು.