ತೊಂಬತ್ತೊಂಬತ್ತು ಗಜ

ಅಮೆರಿಕನ್ ಫುಟ್‌ಬಾಲ್ ಮೈದಾನದಲ್ಲಿ ಅದಕ್ಕಿಂತ ಉದ್ದ ಓಡಲು ಜಾಗವೇ ಇಲ್ಲ. ತನ್ನ ತಂಡದ ಗೋಲ್ ಗೆರೆಯಿಂದ ಒಂದೇ ಗಜ ಮುಂದೆ ಚೆಂಡು ಪಡೆದ ಲಮಾಂಟ್, ಎದುರಾಳಿಗಳ ಗೆರೆ ದಾಟುವವರೆಗೂ ಯಾರ ಕೈಗೂ ಸಿಗಲಿಲ್ಲ. ಅಡ್ಡ ಬಂದವರನ್ನು ತಳ್ಳಿ ಅವನಿಗೆ ದಾರಿ ಮಾಡಿಕೊಟ್ಟವನು ಗೆಳೆಯ ವೆಂಡೆಲ್.

ಇಪ್ಪತ್ತು ವರ್ಷದ ಮೇಲೆ ಆ ದಾಖಲೆಗೆ ಸನ್ಮಾನ ಏರ್ಪಾಡಾಯಿತು. ಲಮಾಂಟ್ ಹಠ ಹಿಡಿದು ವೆಂಡೆಲ್‌ನನ್ನೂ ವೇದಿಕೆಗೆ ಕರೆಸಿದ.

ವೆಂಡೆಲ್ ಮೈಕಿನ ಮುಂದೆ ನಿಂತ. "ಕೊನೆಗೆ ಇವನನ್ನು ಹಿಡೀಬೇಕಿದ್ದ ಆಟಗಾರನ ಅಂಗಿಯನ್ನು ನಾನು ಹಿಂದಿನಿಂದ ಜಗ್ಗಿ ಹಿಡಿದಿದ್ದೆ. ಈ ಆಟದಲ್ಲಿ ತಳ್ಳಬಹುದು, ಹಿಡಿಯೋ ಹಾಗಿಲ್ಲ. ರೆಫರಿ ನೋಡಲಿಲ್ಲ. ನೋಡಿದ್ದರೆ ಆ ಓಟ ಲೆಕ್ಕಕ್ಕೇ ಬರ್ತಿರಲಿಲ್ಲ."

ಕೊರಳಲ್ಲಿ ಹಾರ ಹೊತ್ತು ಕೂತಿದ್ದ ಲಮಾಂಟ್‌ಗೆ ಎಲ್ಲಿ ನೋಡಬೇಕೆಂದೇ ತಿಳಿಯಲಿಲ್ಲ. ಸ್ವಂತ ತಮ್ಮನಿಗಿಂತ ಹೆಚ್ಚಾಗಿ ನಂಬಿದವನು ಹೀಗೆ ಮಾಡಿದನಲ್ಲ ಎಂದುಕೊಂಡ. ವೇದಿಕೆಯ ಹಿಂದೆ ಅವನನ್ನು ಅಡ್ಡಗಟ್ಟಿದ.

"ಇಷ್ಟು ವರ್ಷ ಬಾಯಿ ಬಿಡದವನು ಇವತ್ತು ಯಾಕೋ ಹೇಳ್ದೆ?"

"ಇಷ್ಟು ವರ್ಷ ನಿನಗೋಸ್ಕರ ಮುಚ್ಚಿಟ್ಟಿದ್ದೆ."

"ನನ್ನ ಮಕ್ಕಳು ಮುಂದಿನ ಸಾಲಲ್ಲೇ ಕೂತಿದ್ರು ಕಣೋ. ನಾನು ನಿನಗೇನು ದ್ರೋಹ ಮಾಡಿದ್ದೆ?"

ವೆಂಡೆಲ್ ನಿಧಾನವಾಗಿ ಕೋಟಿನ ಗುಂಡಿ ಹಾಕಿಕೊಂಡ.

"ಆ ಓಟ ಆದ ತಿಂಗಳಿಗೇ ನನ್ನನ್ನ ತಂಡದಿಂದ ತೆಗೆದುಹಾಕಿದ್ರಲ್ಲ, ಆವಾಗ ಮನೆಗೆ ಬಂದು ಸಮಾಧಾನ ಮಾಡಿದವನು ನೀನೊಬ್ಬನೇ. ತೆಗೆಯೋದಕ್ಕೆ ಹೇಳಿದವನೂ ನೀನೇ ಅಂತ ಕೋಚ್ ಇವತ್ತು ಬೆಳಿಗ್ಗೆ ಹೇಳಿದ್ರು."