ಹಿಂಬಾಗಿಲ ಬೀಗ

ಬಂದೂಕು ಹಿಡಿದವನೊಬ್ಬ ಕೆಳಮಹಡಿಗೆ ನುಗ್ಗಿ ಎರಡನೇ ಗುಂಡು ಹಾರಿಸುವಷ್ಟರಲ್ಲಿ, ಎಲ್ಲರೂ ಸೆಕ್ಯುರಿಟಿ ಅಕ್ಕ ಎನ್ನುತ್ತಿದ್ದ ಕಾವಲಿನ ಹೆಂಗಸು ಕಚೇರಿಯ ಒಂಬತ್ತು ಮಂದಿಯನ್ನೂ ಮೇಲ್ಮಹಡಿಯಲ್ಲಿ ಹೊರಮೆಟ್ಟಿಲಿಗೆ ತೆರೆಯುವ ಹಿಂಬಾಗಿಲ ಹತ್ತಿರ ತಂದು ನಿಲ್ಲಿಸಿದ್ದಳು. ಬಾಗಿಲಿಗೆ ಬೀಗ ಜಡಿದಿತ್ತು.

"ಕೀ ಎಲ್ಲಿ ಸಾರ್?" ಎಂದು ಮ್ಯಾನೇಜರನ್ನು ಪಿಸುದನಿಯಲ್ಲಿ ಕೇಳಿದಳು.

"ಕೆಳಗೆ, ನನ್ನ ಡ್ರಾಯರ್‌ನಲ್ಲಿ."

ಅವಳ ಮೈಯೆಲ್ಲ ಉರಿದುಹೋಯಿತು. ಈ ಬೀಗ ತೆಗೆಸಿ ಅಂತ ಮೂರು ಸಲ ಬರೆದುಕೊಟ್ಟಿದ್ದಳು. "ತೆಗೆದಿಟ್ರೆ ಇವರೆಲ್ಲ ಟೀಗೆ ಜಾರ್ಕೋತಾರೆ. ನಿನಗ್ಯಾಕಮ್ಮ ಇಲ್ಲದ ಉಸಾಬರಿ?" ಎಂದು ಅವನು ಎಲ್ಲರೆದುರು ನಕ್ಕಿದ್ದ.

ಬೈಯಲು ಈಗ ಹೊತ್ತಿರಲಿಲ್ಲ. ಗೋಡೆಗಿದ್ದ ಬೆಂಕಿ ಆರಿಸುವ ಸಿಲಿಂಡರನ್ನು ಎತ್ತಿಕೊಂಡು, ಇದ್ದಬದ್ದ ಸಿಟ್ಟನ್ನೆಲ್ಲ ತೋಳಿಗೆ ತಂದುಕೊಂಡು ಬೀಗಕ್ಕೆ ಅಪ್ಪಳಿಸಿದಳು. ನಾಲ್ಕನೇ ಏಟಿಗೆ ಚಿಲಕವೇ ಕಿತ್ತು ಬಂತು. ಅಷ್ಟರಲ್ಲಿ ಒಳಗಿನ ಮೆಟ್ಟಿಲ ಮೇಲೆ ಬೂಟಿನ ಸದ್ದು ಕೇಳಿಸಿತು. ರಿಸೆಪ್ಷನ್‌ನ ತುಂಬು ಬಸುರಿಯನ್ನು ಪಕ್ಕಕ್ಕೆ ತಳ್ಳಿ ಮ್ಯಾನೇಜರ್ ಮುಂದೆ ನುಗ್ಗಿದ.

ಅವಳು ಅವನ ಕಾಲರ್ ಹಿಡಿದು ಹಿಂದಕ್ಕೆಳೆದಳು. "ನೀನು ಮೊದಲು ಹೋಗಮ್ಮ" ಎಂದಳು ಬಸುರಿಗೆ. ಒಬ್ಬೊಬ್ಬರಾಗಿ ಉಳಿದವರೆಲ್ಲ ಹೊರಬೀಳುವವರೆಗೂ ಹಿಡಿತ ಸಡಿಲಿಸಲಿಲ್ಲ.

"ಬಿಡಮ್ಮ, ದಮ್ಮಯ್ಯ ಅಂತೀನಿ..." ಅವನು ಕಾಲರ್ ಬಿಡಿಸಿಕೊಳ್ಳಲು ಕೊಸರಾಡಿದ.

"ಈಗ ಹೋಗಿ ಸಾರ್" ಎಂದು ಅವನನ್ನು ಹೊರಕ್ಕೆ ದಬ್ಬಿ, ಎಲ್ಲರಿಗಿಂತ ಕೊನೆಗೆ ತಾನು ಹೊರಬಿದ್ದಳು.